ಈಗಲ್ ಕ್ರೀಕ್: ತಂತಿ ಹಿಡಿದು ನಡೆಯುವ ದಾರಿ

ಬಂಡೆಗೆ ಗೂಟ ಬಡಿದು, ಗೂಟದಿಂದ ಗೂಟಕ್ಕೆ ಉಕ್ಕಿನ ತಂತಿ ಎಳೆದಿದ್ದಾರೆ. ಸೊಂಟದೆತ್ತರ. ಎಷ್ಟೋ ಕೈಗಳು ಉಜ್ಜಿ ಉಜ್ಜಿ ಕೆಲವು ಕಡೆ ಬೆಳ್ಳಗೆ ಮಿನುಗುತ್ತದೆ, ಕೆಲವು ಕಡೆ ತುಕ್ಕು ಹಿಡಿದಿದೆ. ಎಡಗೈಗೆ ಈ ತಂತಿ, ಎಡ ಭುಜಕ್ಕೆ ತಾಗುವಂತೆ ನೀರು ಜಿನುಗುವ ಕಪ್ಪು ಬಂಡೆ. ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಬಂಡೆಗೆ ಬೆನ್ನು ಕೊಟ್ಟು ನಿಂತು ದಾರಿ ಬಿಡಬೇಕು, ಹಾದಿಯ ಅಗಲ ಅಷ್ಟೇ. ಬಲಕ್ಕೆ ಏನೂ ಇಲ್ಲ. ಕಟ್ಟೆಯಿಲ್ಲ, ಕಂಬಿಯಿಲ್ಲ, ಎಚ್ಚರಿಕೆಯ ಫಲಕವೂ ಇಲ್ಲ. ಬಹಳ ಕೆಳಗೆ ಹಳ್ಳ, ಅದರ ಸದ್ದು ಮಾತ್ರ ಮೇಲೆ ಬರುತ್ತದೆ.

"ಮಾವ, ಫೋಟೊ ಆಮೇಲೆ ತೆಗೀರಿ. ಮೊದ್ಲು ತಂತಿ ಹಿಡ್ಕಳಿ" ಎಂದು ಸೋದರಳಿಯ ಹಿಂದಿನಿಂದ ಗದರಿದ. ಅವನು ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ ಚಿಪ್ ತಯಾರಿಸುವ ಕಾರ್ಖಾನೆಯ ಎಂಜಿನಿಯರ್. ಅಲ್ಲಿನ ಕನ್ನಡದ ಮನೆಗಳಿಗೆ ಊರಿನಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದರೆ ಮೊದಲ ವಾರವೇ ಮಲ್ಟ್‌ನೋಮಾ ಜಲಪಾತಕ್ಕೆ ಕರೆದೊಯ್ಯುವ ಪದ್ಧತಿಯಿದೆ. ರಸ್ತೆ ಬದಿಯಲ್ಲೇ 620 ಅಡಿ ಧುಮುಕುವ ನೀರು, ಕೆಳಗೆ ಕಾಫಿ, ಐಸ್‌ಕ್ರೀಮು, ಶೌಚಾಲಯ, ಮಂಡಿನೋವಿನವರಿಗೂ ಸಲೀಸು. ಅಲ್ಲಿಂದ ಇನ್ನೂ ಕಾಲು ತಾಸು ಪೂರ್ವಕ್ಕೆ ಕಾರು ಓಡಿಸಿದರೆ ಸಿಗುವ ಈಗಲ್ ಕ್ರೀಕಿಗೆ ಹಿರಿಯರನ್ನು ಸಾಮಾನ್ಯವಾಗಿ ಯಾರೂ ಕರೆತರುವುದಿಲ್ಲ. ಆರು ಮೈಲಿ ನಡೆದರೆ ಟನೆಲ್ ಫಾಲ್ಸ್, ವಾಪಸು ಆರು ಮೈಲಿ. ಹೋಗಿಬರಲು ಹತ್ತೊಂಬತ್ತು ಕಿಲೊಮೀಟರಾಯಿತು. ಏರು ಮಾತ್ರ ಹಗುರ, ಸಾವಿರದ ಇನ್ನೂರು ಅಡಿಯಷ್ಟನ್ನು ಅಷ್ಟು ದೂರಕ್ಕೆ ಹಂಚಿದ್ದಾರೆ. ಆಗುಂಬೆ ಕಡೆಯ ಗುಡ್ಡ ಹತ್ತಿ ಇಳಿದ ಕಾಲಿಗೆ ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ತಂತಿ.

ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಿಂದ ಪೂರ್ವಕ್ಕೆ ಸುಮಾರು 65 ಕಿಲೊಮೀಟರ್ ದೂರದಲ್ಲಿ ಈ ಹಳ್ಳ ಕೊಲಂಬಿಯಾ ನದಿಗೆ ಸೇರುತ್ತದೆ. ಸೇರುವ ಜಾಗದ ಪಕ್ಕದಲ್ಲೇ 1930ರ ದಶಕದಲ್ಲಿ ಕಟ್ಟಿದ ಬೊನೆವಿಲ್ ಅಣೆಕಟ್ಟು. ಕೊಲಂಬಿಯಾ ಇಲ್ಲಿ ಕ್ಯಾಸ್ಕೇಡ್ ಪರ್ವತಸಾಲನ್ನು ಸೀಳಿಕೊಂಡು ಪಶ್ಚಿಮಕ್ಕೆ ಸಾಗುತ್ತದೆ. ಒಂದು ದಡ ಒರೆಗಾನ್, ಇನ್ನೊಂದು ದಡ ವಾಷಿಂಗ್ಟನ್ ರಾಜ್ಯ. ಈ ಇಡೀ ಕಮರಿಯನ್ನು 1986ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ಮಾಡಿ ರಾಷ್ಟ್ರೀಯ ನಿಸರ್ಗ ರಮ್ಯ ಪ್ರದೇಶವೆಂದು ಘೋಷಿಸಿತು. ಒರೆಗಾನ್ ದಂಡೆಯಲ್ಲಿ ಮೈಲಿಗೊಂದರಂತೆ ಜಲಪಾತ ಸಿಗುತ್ತದೆ ಎಂದರೆ ಉತ್ಪ್ರೇಕ್ಷೆಯೇನಲ್ಲ.

ಇಷ್ಟೊಂದು ಜಲಪಾತ ಒಂದೇ ಕಡೆ ಯಾಕೆ ಎಂಬುದಕ್ಕೆ ಉತ್ತರ ಬಂಡೆಯಲ್ಲಿದೆ. ಒಂದೂವರೆ ಕೋಟಿ ವರ್ಷಕ್ಕೂ ಹಿಂದೆ, ಇಲ್ಲಿಂದ ಪೂರ್ವಕ್ಕೆ ನೂರಾರು ಮೈಲಿ ದೂರದಲ್ಲಿ ನೆಲ ಬಿರಿದು ಲಾವಾ ಉಕ್ಕಿತು. ಬೆಟ್ಟದ ತುದಿಯಿಂದ ಚಿಮ್ಮಿದ್ದಲ್ಲ, ಉದ್ದುದ್ದ ಬಿರುಕುಗಳಿಂದ ಉಕ್ಕಿ ಹರಿದದ್ದು. ಒಂದರ ಮೇಲೊಂದು ಪದರವಾಗಿ ಪೆಸಿಫಿಕ್ ಸಾಗರದವರೆಗೂ ಹರಿಯಿತು. ವಿಜಯಪುರ, ಬೀದರ್, ಕಲಬುರಗಿಯ ಕರಿಮಣ್ಣಿನ ಅಡಿಯಲ್ಲಿರುವುದೂ ಇದೇ ರೀತಿ ಹರಡಿದ ಲಾವಾ. ಅದು ಸುಮಾರು 6.6 ಕೋಟಿ ವರ್ಷ ಹಿಂದಿನದು, ಹರವಿನಲ್ಲಿ ಇದಕ್ಕಿಂತ ಬಹಳ ದೊಡ್ಡದು. ಈಗಲ್ ಕ್ರೀಕಿನ ಗೋಡೆಗಳಲ್ಲಿ ಕೆಲವು ಕಡೆ ಲಾವಾ ಆರುವಾಗ ಬಿರಿದು ಮೂಡಿದ ಆರು ಮೂಲೆಯ ಕಂಬಗಳು ನೆಟ್ಟಗೆ ನಿಂತಿವೆ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪ ನೋಡಿಬಂದವರಿಗೆ ಈ ಕಂಬಗಳ ಗುರುತು ತಕ್ಷಣ ಸಿಗುತ್ತದೆ. ಅಲ್ಲಿಯದು ಬೇರೆ ಜಾತಿಯ ಲಾವಾ, ಬೇರೆ ಕಾಲದ್ದು, ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು. ಆರಿದ ರೀತಿ ಮಾತ್ರ ಒಂದೇ.

ಲಾವಾ ಹಾಸಿದ ಮೇಲೆ ಕೊರೆಯುವ ಕೆಲಸ ನೀರಿನದು. ಕಳೆದ ಹಿಮಯುಗದ ಕೊನೆಯಲ್ಲಿ, ಸುಮಾರು 15 ಸಾವಿರ ವರ್ಷ ಹಿಂದೆ, ಮೊಂಟಾನಾ ಕಡೆಯ ಕಣಿವೆಗಳಲ್ಲಿ ಹಿಮದ ಗೋಡೆಯೇ ಅಣೆಕಟ್ಟಾಗಿ ದೈತ್ಯ ಸರೋವರವೊಂದು ನಿಂತಿತ್ತು. ಗೋಡೆ ಒಡೆದಾಗಲೆಲ್ಲ ಆ ನೀರಷ್ಟೂ ಈ ಕಮರಿಯಲ್ಲಿ ನುಗ್ಗಿತು. ಒಂದು ಸಲವಲ್ಲ, ಹತ್ತಾರು ಸಲ. ದೊಡ್ಡ ನದಿಯ ಕಣಿವೆಯ ಇಳಿಜಾರುಗಳನ್ನು ಪ್ರವಾಹ ಕೆತ್ತಿ ನೆಟ್ಟಗೆ ಮಾಡಿಬಿಟ್ಟಿತು. ಪಕ್ಕದಿಂದ ಬಂದು ಸೇರುತ್ತಿದ್ದ ಸಣ್ಣ ಹಳ್ಳಗಳು ಮೇಲೇ ಉಳಿದವು, ಇಳಿಯಲು ಇಳಿಜಾರೇ ಇಲ್ಲದಂತಾಯಿತು. ಆದ್ದರಿಂದ ಧುಮುಕುತ್ತವೆ. ಈಗಲ್ ಕ್ರೀಕ್ ಸ್ವಲ್ಪ ಜಾಣ ಹಳ್ಳ, ತನ್ನದೇ ಕೊರಕಲು ತೋಡಿಕೊಂಡು ಜಲಪಾತಗಳನ್ನು ಒಳಗೆ, ದೂರದಲ್ಲಿ ಬಚ್ಚಿಟ್ಟುಕೊಂಡಿದೆ.

ಅಂಥ ಕೊರಕಲಿನೊಳಗೆ ದಾರಿ ತಾನಾಗಿ ಹುಟ್ಟುವುದಿಲ್ಲ. ಮನುಷ್ಯರೋ ಜಿಂಕೆಗಳೋ ತುಳಿದು ಆದ ಕಾಲುದಾರಿ ಇದಲ್ಲ. 1910ರ ದಶಕದಲ್ಲಿ, ಕೊಲಂಬಿಯಾ ದಂಡೆಯಲ್ಲಿ ಮೋಟಾರು ಹೆದ್ದಾರಿ ಕಟ್ಟುತ್ತಿದ್ದ ಕಾಲಕ್ಕೇ, ಅಮೆರಿಕದ ಅರಣ್ಯ ಸೇವೆ ಇದನ್ನು ಮದ್ದು ಸಿಡಿಸಿ ಮಾಡಿಸಿತು. ಬಂಡೆಯ ಹೊಟ್ಟೆಯನ್ನು ಒಂದಾಳೆತ್ತರ ಕೆತ್ತಿ ಹಾಸು ತೆಗೆದರು. ಉದ್ದೇಶ ಒಂದೇ: ಪೇಟೆಯವರು ಬಂದು ನೋಡಬೇಕು. ಕಾಡೆಂದರೆ ಮರಮಟ್ಟು ಎಂದು ತಿಳಿದಿದ್ದ ಇಲಾಖೆಯೊಂದು ನೋಡುವ ಸುಖಕ್ಕಾಗಿ ಖರ್ಚು ಮಾಡಿದ್ದು ಆ ಕಾಲಕ್ಕೆ ಹೊಸ ಮಾತು. 1916ರಲ್ಲಿ ಹಳ್ಳದ ಬಾಯಲ್ಲಿ ಡೇರೆ ಹಾಕಲು ಜಾಗ ಮಾಡಿಕೊಟ್ಟರು. ಅರಣ್ಯ ಸೇವೆ ಅಭಿವೃದ್ಧಿಪಡಿಸಿದ ಮೊಟ್ಟಮೊದಲ ಶಿಬಿರತಾಣ ಅದೆಂದು ದಾಖಲೆ ಹೇಳುತ್ತದೆ. ಈಗಲೂ ಅಲ್ಲಿ ಜನ ಡೇರೆ ಹಾಕುತ್ತಾರೆ.

ಕಾರು ನಿಲ್ಲಿಸಲು ಐದು ಡಾಲರ್. ಕಾರಿನೊಳಗೆ ಏನನ್ನೂ ಬಿಡಬೇಡಿ, ಗಾಜು ಒಡೆಯುವ ಕಳ್ಳರಿದ್ದಾರೆ ಎಂದು ಬಂದವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಚಿತ್ರಾನ್ನ, ಚಪಾತಿ, ಅಪ್ಪೆಮಿಡಿ ಉಪ್ಪಿನಕಾಯಿಯ ಚೀಲ ಬೆನ್ನಿಗೇರಿಸಿ ನಾವು ಹೊರಟದ್ದು ಮೇ ತಿಂಗಳ ಬೆಳಗ್ಗೆ. ಬಂಡೆ ಸಂದುಗಳಲ್ಲಿ ಕರಿಕಡ್ಡಿಯ ಜರಿಗಿಡ ಜೋಲುತ್ತಿತ್ತು, ನಮ್ಮೂರ ಬಾವಿಕಟ್ಟೆಯೊಳಗೆ ಬೆಳೆಯುವಂಥದೇ. ಮೇಪಲ್ ಮರಗಳ ಕೊಂಬೆಗಳಿಗೆ ಮೊಣಕೈವರೆಗೆ ಪಾಚಿಯ ತೋಳು. ಇಷ್ಟೆಲ್ಲ ಒದ್ದೆಯಲ್ಲಿ ಒಂದಾದರೂ ಉಂಬಳ ಹತ್ತಬೇಕಿತ್ತಲ್ಲ ಎಂದು ಕಾಲು ನೋಡಿಕೊಳ್ಳುವುದು ನನ್ನ ಹಳೆಯ ಚಾಳಿ. ಇಲ್ಲಿ ಆ ಕಾಟವಿಲ್ಲ. ಬದಲಿಗೆ ಪಾಯ್ಸನ್ ಓಕ್ ಎಂಬ ಮೂರೆಲೆಯ ಗಿಡವಿದೆ, ಮೈಗೆ ತಾಗಿದರೆ ಗೇರುಸೊನೆ ತಾಗಿದ ಹಾಗೆ ಬೊಬ್ಬೆ. ಎರಡೂ ಒಂದೇ ಕುಟುಂಬದ ಸಸ್ಯಗಳು, ಗುಣ ಬಿಟ್ಟಾವೆ?

ಒಂದೂವರೆ ಮೈಲಿಯ ಹೊತ್ತಿಗೆ ಮೆಟ್ಲಾಕೊ ಜಲಪಾತ ಇರಬೇಕು. ಇದೆ, ಕಾಣುವುದಿಲ್ಲ. ಅದನ್ನು ನೋಡಲು ಚಾಚಿಕೊಂಡಿದ್ದ ಬಂಡೆ 2016ರ ಕೊನೆಯಲ್ಲಿ ಇಡಿಯಾಗಿ ಕಳಚಿ ಕೊರಕಲಿಗೆ ಬಿತ್ತು. ಅದೃಷ್ಟಕ್ಕೆ ಆಗ ಅದರ ಮೇಲೆ ಯಾರೂ ಇರಲಿಲ್ಲ. ಸಮುದ್ರದಿಂದ ಕೊಲಂಬಿಯಾ ಏರಿ, ಅಣೆಕಟ್ಟಿನ ಮೀನಿನ ಮೆಟ್ಟಿಲು ಹತ್ತಿ ಈ ಹಳ್ಳಕ್ಕೆ ತಿರುಗುವ ಸಾಲ್ಮನ್ ಮೀನಿನ ಪ್ರಯಾಣವೂ ಮೆಟ್ಲಾಕೊದ ಬುಡದಲ್ಲೇ ಮುಗಿಯುತ್ತದೆ. ಅದಕ್ಕಿಂತ ಮೇಲೆ ಹಾರಲು ಮೀನಿಗೆ ಸಾಧ್ಯವಿಲ್ಲ.

ಎರಡನೇ ಮೈಲಿಯಲ್ಲಿ ಪಂಚ್‌ಬೌಲ್. ಮೂವತ್ತೈದು ಅಡಿಯಷ್ಟೇ ಎತ್ತರದ ಜಲಪಾತ ಬಟ್ಟಲಿನಾಕಾರದ ಮಡುವಿಗೆ ಬೀಳುತ್ತದೆ. ಬಟ್ಟಲಿನ ಒಂದು ಅಂಚು ಒಡೆದು ನೀರು ಹೊರಗೆ ಹರಿಯುತ್ತದೆ. ಅಮೆರಿಕದ ಕ್ಯಾಲೆಂಡರುಗಳಲ್ಲಿ ಇದರ ಚಿತ್ರ ಎಷ್ಟು ಸಲ ಬಂದಿದೆಯೆಂದರೆ ಮೊದಲ ಸಲ ನೋಡುವವರಿಗೂ ಹಳೆಯ ಪರಿಚಯ. ನನಗೆ ಅಷ್ಟೇನೂ ಹಿಡಿಸಲಿಲ್ಲ. ಬೇಸಿಗೆಯಲ್ಲಿ ಹುಡುಗರು ಮೇಲಿನಿಂದ ಮಡುವಿಗೆ ಹಾರುತ್ತಾರೆ, ಕೆಲವರು ಸತ್ತಿದ್ದಾರೆ, ಆದರೂ ಹಾರುತ್ತಾರೆ. ಈ ವಿಷಯದಲ್ಲಿ ದೇಶ ದೇಶಗಳ ನಡುವೆ ವ್ಯತ್ಯಾಸ ಕಾಣೆ.

2017ರ ಸೆಪ್ಟೆಂಬರ್ 2, ಶನಿವಾರ. ಲೇಬರ್ ಡೇ ರಜೆಯ ವಾರಾಂತ್ಯ. ಆ ಮಧ್ಯಾಹ್ನ ಈ ಮಡುವಿನ ಸುತ್ತ ಈಜುಗಾರರೂ ನಡಿಗೆಯವರೂ ನೆರೆದಿದ್ದರು. ವಾಷಿಂಗ್ಟನ್ ರಾಜ್ಯದ 15 ವರ್ಷದ ಹುಡುಗನೊಬ್ಬ ಗೆಳೆಯರ ಜೊತೆ ಬಂದವನು ದಾರಿಯಂಚಿನಿಂದ ಪಟಾಕಿ ಹಚ್ಚಿ ಕೊರಕಲಿಗೆ ಎಸೆದ. ಏನಾಗಿ ಹೋಯಿತೆಂದು ತಿಳಿಯಲು ಮಲೆನಾಡಿನವರು ಅಲ್ಲಿನ ಋತುಮಾನವನ್ನು ತಲೆಕೆಳಗು ಮಾಡಿಕೊಂಡು ಯೋಚಿಸಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಎಂದರೆ ಜಡಿಮಳೆ, ಬೆಂಕಿಪೊಟ್ಟಣವೂ ಹತ್ತದ ಕಾಲ. ಅಲ್ಲಿ ಮಳೆ ಚಳಿಗಾಲದ್ದು. ಅಕ್ಟೋಬರಿನಿಂದ ಮೇವರೆಗೆ ಸುರಿಯುತ್ತದೆ, ಜುಲೈ-ಆಗಸ್ಟ್‌ನಲ್ಲಿ ಹನಿ ಬೀಳುವುದೇ ಅಪರೂಪ. ವರ್ಷವಿಡೀ ಹಸಿರಾಗಿ ಕಾಣುವ ಕಾಡು ಸೆಪ್ಟೆಂಬರಿನ ಹೊತ್ತಿಗೆ ನಮ್ಮ ಮಾರ್ಚ್ ಕೊನೆಯ ದರಕಿನ ಹಾಗೆ ಗರಿಗರಿ. ಕಾಡಿನಲ್ಲಿ ಬೆಂಕಿ ಹೊತ್ತಿಸಬಾರದೆಂಬ ಆಜ್ಞೆ ಆಗ ಜಾರಿಯಲ್ಲಿತ್ತು. ಸಾಲದ್ದಕ್ಕೆ ಕಣಿವೆಯ ಮೇಲ್ಭಾಗದಲ್ಲಿ ಇಂಡಿಯನ್ ಕ್ರೀಕ್ ಬೆಂಕಿ ಎಂಬ ಇನ್ನೊಂದು ಜುಲೈ ತಿಂಗಳಿನಿಂದಲೇ ಹೊಗೆಯಾಡುತ್ತಿತ್ತು.

ಕೆಳಗಿನ ದಾರಿಗೆ ಬೆಂಕಿ ಅಡ್ಡ ಬಂದಾಗ ಸುಮಾರು 150 ಜನ ಒಳಗೆ ಸಿಕ್ಕಿಬಿದ್ದರು. ಹೆಚ್ಚಿನವರ ಮೈಮೇಲೆ ಈಜುಡುಗೆ, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಅರ್ಧ ಖಾಲಿ ನೀರಿನ ಬಾಟಲಿ. ಮಕ್ಕಳೂ ಇದ್ದರು. ರಾತ್ರಿಯೆಲ್ಲ ಹಳ್ಳದ ಹತ್ತಿರವೇ ಕಳೆದು, ಮರುದಿನ ಬೆಳಗ್ಗೆ ಹಿಂದಿನ ಬಾಗಿಲಿನಿಂದ, ಅಂದರೆ ಮೇಲಿನ ವಾಟಮ್ ಸರೋವರದ ಕಡೆಗೆ, ಸಾಲಾಗಿ ನಡೆದು ಹೊರಬಿದ್ದರು. ಅದೂ ಇಪ್ಪತ್ತು ಕಿಲೊಮೀಟರಿನಷ್ಟು ದಾರಿ. ಇಡೀ ಬೆಂಕಿಯಲ್ಲಿ ಒಂದು ಜೀವವೂ ಹೋಗಲಿಲ್ಲ. ನಾನು ಆ ತಂತಿಯ ದಾರಿಯಲ್ಲಿ ಹಗಲು ಬೆಳಕಿನಲ್ಲಿ, ಗಟ್ಟಿ ಬೂಟು ತೊಟ್ಟು ಹೋದವನು. ಕಾಲಲ್ಲಿ ಚಪ್ಪಲಿ, ಬೆನ್ನಿಗೆ ಹೊಗೆ, ಸಾಲಿನಲ್ಲಿ ಅಳುವ ಮಗು ಎಂದು ಕಲ್ಪಿಸಿಕೊಂಡಾಗ ತಂತಿಯ ಮೇಲಿನ ಹಿಡಿತ ತಾನಾಗಿ ಬಿಗಿಯಾಯಿತು.

ಎರಡು ದಿನದ ಮೇಲೆ ಪೂರ್ವದ ಗಾಳಿ ಎದ್ದಿತು. ಕಮರಿಯಲ್ಲಿ ಆ ಗಾಳಿ ಬೀಸುವುದು ಕೊಳವೆಯಲ್ಲಿ ಬೀಸಿದ ಹಾಗೆ. ಒಂದೇ ರಾತ್ರಿಯಲ್ಲಿ ಬೆಂಕಿ ಹತ್ತಾರು ಮೈಲಿ ಪಶ್ಚಿಮಕ್ಕೆ ಓಡಿತು, ಕಿಡಿಗಳು ಕೊಲಂಬಿಯಾವನ್ನೇ ದಾಟಿ ಆಚೆ ರಾಜ್ಯದ ಗುಡ್ಡ ಹೊತ್ತಿಸಿದವು. ಹೆದ್ದಾರಿ ಮುಚ್ಚಿತು. ಪೋರ್ಟ್‌ಲ್ಯಾಂಡಿನ ಕಾರುಗಳ ಮೇಲೆ ಬೂದಿ ಬಿತ್ತು. "ಕಿಟಕಿ ತೆಗೆಯೋ ಹಾಗಿರಲಿಲ್ಲ ಮಾವ. ಊರಿಗೆ ಫೋನ್ ಮಾಡಿ ಇಲ್ಲಿ ಬೆಂಕಿ ಅಂದ್ರೆ, ಅಮ್ಮ ಅಡುಗೆಮನೇಲಾ ಅಂತ ಕೇಳಿದ್ಲು" ಎಂದು ಅಳಿಯ ನಕ್ಕ. ಮಲ್ಟ್‌ನೋಮಾ ಜಲಪಾತದ ಬುಡದಲ್ಲಿರುವ 1925ರ ಕಲ್ಲಿನ ವಸತಿಗೃಹವನ್ನು ಅಗ್ನಿಶಾಮಕದವರು ರಾತ್ರಿಯಿಡೀ ನೀರು ಹೊಡೆದು ಉಳಿಸಿಕೊಂಡರು. ಈಗಲ್ ಕ್ರೀಕಿನ ಬಾಯಲ್ಲಿರುವ ಮೀನುಮರಿ ಕೇಂದ್ರದವರು ಲಕ್ಷಗಟ್ಟಲೆ ಸಾಲ್ಮನ್ ಮರಿಗಳನ್ನು ಅವಧಿಗೆ ಎಷ್ಟೋ ಮುಂಚೆಯೇ ನದಿಗೆ ಬಿಟ್ಟುಬಿಡಬೇಕಾಯಿತು. ಮಳೆ ಬಂದು, ನವೆಂಬರ್ ಕೊನೆಗೆ ಬೆಂಕಿ ಹತೋಟಿಗೆ ಬಂತೆಂದು ಘೋಷಿಸುವಾಗ 48 ಸಾವಿರಕ್ಕೂ ಹೆಚ್ಚು ಎಕರೆಗೆ ಅದರ ಬಿಸಿ ತಟ್ಟಿತ್ತು.

ಪೋರ್ಟ್‌ಲ್ಯಾಂಡಿನ ಜನರಿಗೆ ಇದು ಮನೆಯಲ್ಲಿ ಸಾವಾದ ಹಾಗೆ. ಅಲ್ಲಿನವರಲ್ಲಿ ಚಿಕ್ಕಂದಿನಲ್ಲಿ ಈ ದಾರಿಯಲ್ಲಿ ನಡೆಯದವರು ಕಡಿಮೆ. ಹುಡುಗನ ಮೇಲೆ ಸಿಟ್ಟು ಉಕ್ಕಿತು. 2018ರ ಫೆಬ್ರುವರಿಯಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಐದು ವರ್ಷ ಪ್ರೊಬೇಷನ್, ಅರಣ್ಯ ಸೇವೆಯ ಕೈಕೆಳಗೆ 1,920 ತಾಸು ಸಮುದಾಯ ಸೇವೆ, ಒಳಗೆ ಸಿಕ್ಕಿಬಿದ್ದವರಿಗೆ ಕ್ಷಮಾಪಣೆಯ ಪತ್ರಗಳು. ಮೇ ತಿಂಗಳಲ್ಲಿ ನ್ಯಾಯಾಧೀಶರು ಇನ್ನೊಂದು ಆದೇಶ ಹೊರಡಿಸಿ, ನಷ್ಟಪರಿಹಾರ 3.66 ಕೋಟಿ ಡಾಲರ್ ಎಂದರು. ಕಂತಿನಲ್ಲಿ ಕಟ್ಟಬಹುದು, ಪ್ರೊಬೇಷನ್ ಸರಿಯಾಗಿ ಮುಗಿಸಿ, ಮತ್ತೆ ಅಪರಾಧ ಮಾಡದೆ, ಕಂತು ತಪ್ಪಿಸದೆ ಇದ್ದರೆ ಹತ್ತು ವರ್ಷದ ಮೇಲೆ ಉಳಿದದ್ದನ್ನು ನಿಲ್ಲಿಸಲು ಅವಕಾಶವಿದೆ.

ಕೋಟಿಗಳ ಆ ಅಂಕಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಅದನ್ನು ಯಾವ ಹದಿನೈದರ ಹುಡುಗನೂ ತೀರಿಸುವುದಿಲ್ಲ, ತೀರಿಸಲಾರನೆಂದು ಬರೆದವರಿಗೂ ಗೊತ್ತು. ಅದು ಊರಿನ ಸಿಟ್ಟನ್ನು ಡಾಲರಿಗೆ ತಿರುಗಿಸಿ ಬರೆದ ಲೆಕ್ಕ. 1,920 ತಾಸು ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಂಡಿತು. ದಿನಕ್ಕೆ ಎಂಟು ತಾಸಿನಂತೆ 240 ದಿನದ ದುಡಿಮೆ. ಅಳಿಯ ಒಪ್ಪಲಿಲ್ಲ. "ನಮ್ಮಲ್ಲಾಗಿದ್ರೆ ಏನಾಗ್ತಿತ್ತು ಹೇಳಿ? ಅಪರಿಚಿತ ಕಿಡಿಗೇಡಿಗಳು ಅಂತ ಬರೆದು ಕಡತ ಮುಚ್ತಿದ್ರು" ಎಂದ. ಅವನ ಮಾತಿನಲ್ಲೂ ಹುರುಳಿದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋದಾಗ ಹಚ್ಚಿದವರ ಹೆಸರಿಗಿಂತ ಹೊಗೆಯ ಚಿತ್ರವೇ ನಮಗೆ ನೆನಪಿನಲ್ಲಿ ಉಳಿದದ್ದು.

ಹಾಗಾದರೆ ಕಾಡು? ಪಂಚ್‌ಬೌಲ್ ದಾಟಿದ ಮೇಲೆ ಬೆಂಕಿಯ ಗುರುತು ಢಾಳಾಗಿ ಕಾಣತೊಡಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ತೊಗಟೆ ಕಳಚಿದ ಬಿಳಿ ಬೂದು ಬೋಳು ಕಂಬಗಳ ಸಾಲು. ಅವುಗಳ ನಡುವೆಯೇ ಬುಡ ಮಾತ್ರ ಕರಿಕಟ್ಟಿ, ತಲೆ ಹಸಿರಾಗಿರುವ ಡಗ್ಲಸ್ ಫರ್ ಮರಗಳು. ಹಳೆಯ ಡಗ್ಲಸ್ ಫರ್‌ಗೆ ಒಂದು ಗೇಣಿನವರೆಗೂ ದಪ್ಪದ, ಬೆಂಡಿನಂಥ ತೊಗಟೆ. ನೆಲದ ಬೆಂಕಿ ಅದನ್ನು ದಾಟಿ ಒಳಗೆ ಹೋಗಲು ಹೆಣಗಬೇಕು. ನಾನು ಒಂದರ ತೊಗಟೆಯ ಸೀಳಿಗೆ ಬೆರಳಿಟ್ಟು ನೋಡಿದೆ. ಮೇಲೆ ಇದ್ದಿಲು ಪುಡಿಯಾಗಿ ಉದುರಿತು, ಒಂದು ಅಂಗುಲ ಒಳಗೆ ಕೆಂಪು ಕಂದು, ಬೆಂಕಿಯ ಸುದ್ದಿಯೇ ತಲುಪದ ಹಾಗೆ. ಬೆಂಕಿ ಆರಿದ ಮೇಲೆ ನಡೆದ ಸಮೀಕ್ಷೆಯೂ ಇದನ್ನೇ ಹೇಳಿತು: ಬೆಂಕಿಯ ಗಡಿಯೊಳಗಿನ ಅರ್ಧಕ್ಕೂ ಹೆಚ್ಚು ನೆಲ ಅಷ್ಟಾಗಿ ಸುಟ್ಟಿರಲಿಲ್ಲ, ಅಥವಾ ಸುಟ್ಟೇ ಇರಲಿಲ್ಲ, ಪೂರ್ತಿ ಭಸ್ಮವಾದದ್ದು ಸುಮಾರು ನೂರಕ್ಕೆ ಹದಿನೈದು ಪಾಲು.

ಕತ್ತಿಜರಿಯ ಗೆಡ್ಡೆ ನೆಲದಡಿ ಉಳಿದಿತ್ತು, ಮುಂದಿನ ವಸಂತಕ್ಕೇ ಎದ್ದಿತು. ಸುಟ್ಟ ಮೇಪಲ್ ಬುಡಗಳಿಂದ ಹತ್ತಾರು ಚಿಗುರು ಒಟ್ಟಿಗೆ ಹೊರಟು ಈಗ ಆಳೆತ್ತರ ದಾಟಿವೆ. ಬಿಸಿಲು ಕಂಡೇ ಇರದ ನೆಲಕ್ಕೆ ಬಿಸಿಲು ಬಿದ್ದು ಹೂಗಿಡಗಳು ನುಗ್ಗಿವೆ. ಜುಲೈ ಬಂದರೆ ಈ ಇಳಿಜಾರೆಲ್ಲ ಫೈರ್‌ವೀಡಿನ ಗುಲಾಬಿ ನೇರಳೆ ಬಣ್ಣ. ನದಿಯಾಚೆ 1902ರಲ್ಲಿ ಯಾಕೋಲ್ಟ್ ಬೆಂಕಿ ಇದಕ್ಕಿಂತ ಎಷ್ಟೋ ದೊಡ್ಡದಾಗಿ ಉರಿದು ಹತ್ತಾರು ಜನರನ್ನು ಕೊಂದಿತ್ತು. ಈ ಮಳೆಕಾಡುಗಳಿಗೆ ಶತಮಾನಗಳಿಗೊಮ್ಮೆ ಇಂಥದು ಹೊಸತಲ್ಲ. ಈಗ ಬೇಸಿಗೆಗಳು ಉದ್ದವಾಗುತ್ತಿವೆ, ಪಟಾಕಿ ಹಿಡಿದ ಹುಡುಗರೂ ಹೆಚ್ಚು, ಅದು ಬೇರೆ ಚಿಂತೆ. ಆದರೆ 2017ರ ಬೆಂಕಿಯ ಮಟ್ಟಿಗೆ ಹೇಳುವುದಾದರೆ ಕಾಡು ಯಾರನ್ನೂ ಕಾಯದೆ ತನ್ನ ಪಾಡಿಗೆ ಚಿಗುರಿಕೊಂಡಿತು.

ದಾರಿಗೆ ಮಾತ್ರ ಮನುಷ್ಯರು ಬೇಕಾದರು. ಇದು ನನಗೆ ಅಲ್ಲಿ ನಡೆಯುತ್ತಾ ನಡೆಯುತ್ತಾ ಮನದಟ್ಟಾದ ಸಂಗತಿ. ನಿಸರ್ಗ ನೋಡಲು ಹೋಗುತ್ತೇವೆಂದು ಹೊರಡುತ್ತೇವೆ, ಕಾಲಿಡುವುದು ಪೂರ್ತಿ ಮನುಷ್ಯರ ಕೆಲಸದ ಮೇಲೆ. ಬೇರು ಸತ್ತ ಇಳಿಜಾರು ಮಣ್ಣನ್ನು ಹಿಡಿಯುವುದಿಲ್ಲ. ಮಳೆ ಶುರುವಾದೊಡನೆ ಕಲ್ಲುಗುಂಡುಗಳು ಉರುಳುತ್ತವೆ, ಸತ್ತು ನಿಂತ ಮರಗಳು ಒಂದೊಂದಾಗಿ ಅಡ್ಡ ಬೀಳುತ್ತವೆ, ಕೆತ್ತಿದ ಹಾಸು ಜರಿಯುತ್ತದೆ. ಈಗಲ್ ಕ್ರೀಕ್ ದಾರಿ ಮೂರು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು, 2021ರ ಜನವರಿಯಲ್ಲಿ ತೆರೆಯಿತು. ಆಮೇಲೂ ಜೋರು ಮಳೆಯಾದಾಗ ಆಗಾಗ ಮುಚ್ಚುತ್ತದೆ. ಅರಣ್ಯ ಸೇವೆಯ ಕೈಯಲ್ಲಿ ಅಷ್ಟು ಜನರೂ ಇಲ್ಲ, ದುಡ್ಡೂ ಇಲ್ಲ. ಟ್ರೇಲ್‌ಕೀಪರ್ಸ್ ಆಫ್ ಒರೆಗಾನ್, ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಸಂಘ ಮೊದಲಾದ ಸ್ವಯಂಸೇವಕರ ಗುಂಪುಗಳು ವಾರಾಂತ್ಯದಲ್ಲಿ ಗುದ್ದಲಿ, ಹಾರೆ ಹೊತ್ತು ಬಂದು ದುಡಿದದ್ದರಿಂದ ದಾರಿ ಉಳಿದಿದೆ.

ನಮ್ಮಲ್ಲಿ ಜಲಪಾತದ ದಾರಿಗೆ ಎರಡೇ ಗತಿ. ಒಂದೋ ಸಿಮೆಂಟಿನ ಮೆಟ್ಟಿಲು, ಕಬ್ಬಿಣದ ಕಂಬಿ, ಕೊನೆಗೆ ಸೆಲ್ಫಿ ಕಟ್ಟೆ. ಇಲ್ಲವೇ ಏನೂ ಇಲ್ಲ, ಊರಿನ ಹುಡುಗನ ಬೆನ್ನು ಹಿಡಿದು ಕುರುಚಲಿನಲ್ಲಿ ಜಾರಿಕೊಂಡು ಹೋಗಬೇಕು. ಕುಮಾರ ಪರ್ವತಕ್ಕೆ 2024ರ ಜನವರಿಯಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಚಾರಣಗಳನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಟಿಕೆಟ್ ತಂದರು. ಆಗಬೇಕಾದ್ದೇ. ಆದರೆ ಟಿಕೆಟ್ ಎಷ್ಟು ಜನ ಬರಬೇಕೆಂದು ಹೇಳುತ್ತದೆ, ಬಂದವರ ಕಾಲಡಿಯ ದಾರಿಯನ್ನು ಯಾರು ನೋಡಿಕೊಳ್ಳಬೇಕೆಂದು ಹೇಳುವುದಿಲ್ಲ. ನೀರು ಹೋಗಲು ಅಡ್ಡ ಕಾಲುವೆ ತೋಡುವುದು, ಜರಿದ ಅಂಚಿಗೆ ಕಲ್ಲು ಕೂರಿಸುವುದು, ಒಳದಾರಿ ಮಾಡಿಕೊಂಡವರ ಹೆಜ್ಜೆಗೆ ಮುಳ್ಳುಕಂಟಿ ಹಾಕಿ ಮುಚ್ಚುವುದು ನಮ್ಮ ಅಡಿಕೆ ತೋಟದವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ತೋಟದ ದಾರಿಗೆ ಮಾಡುತ್ತೇವೆ, ಕಾಡಿನ ದಾರಿಗೆ ಮಾಡುವುದಿಲ್ಲ.

ಮೂರು ಮೈಲಿ ದಾಟಿದ ಮೇಲೆ ಹೈ ಬ್ರಿಜ್. ಕೊರಕಲು ಇಲ್ಲಿ ಎಷ್ಟು ಕಿರಿದೆಂದರೆ ಸಣ್ಣ ಸೇತುವೆಯೊಂದು ಸಾಕು, ಎಷ್ಟು ಆಳವೆಂದರೆ ಕೆಳಗೆ ನೂರಿಪ್ಪತ್ತು ಅಡಿಯಲ್ಲಿ ಹರಿಯುವ ನೀರಿಗೆ ಬಿಸಿಲು ಮುಟ್ಟುವುದೇ ಇಲ್ಲ. ಸೇತುವೆಯ ನಡುವೆ ನಿಂತು ಕೆಳಗೆ ನೋಡಿದೆ; ಎರಡನೇ ಸಲ ನೋಡಲಿಲ್ಲ. ಅಲ್ಲಿಂದ ಮುಂದಿನ ಎರಡು ಮೈಲಿ ಕಾಡಿನೊಳಗಿನ ಸಾದಾ ನಡಿಗೆ, ಹೇಳಿಕೊಳ್ಳುವಂಥದ್ದಿಲ್ಲ. ಊಟದ ಯೋಚನೆಯಲ್ಲೇ ಕಳೆಯಿತು.

ಟನೆಲ್ ಫಾಲ್ಸ್ ಮೊದಲು ಕಿವಿಗೆ ಸಿಗುತ್ತದೆ. ದಾರಿ ಒಂದು ತಿರುವು ತೆಗೆದುಕೊಂಡದ್ದೇ ಎದುರಿಗೆ ಅರ್ಧಚಂದ್ರಾಕಾರದ ಕಪ್ಪು ಗೋಡೆ, ಗೋಡೆಯ ಮೇಲಿನಿಂದ ಕೆಳಗಿನವರೆಗೆ ಪಾಚಿ, ನಡುವೆ ಬಿಳಿಯ ನೀರು. ಎತ್ತರ ಸುಮಾರು 170 ಅಡಿ. ಜೋಗದ ಐದನೆಯ ಒಂದು ಪಾಲು, ಎತ್ತರದ ಪೈಪೋಟಿಗೆ ಇದನ್ನು ಯಾರೂ ಇಳಿಸುವುದಿಲ್ಲ. ಬೆರಗಾಗುವುದು ದಾರಿಯನ್ನು ಕಂಡು. ಗೋಡೆಯ ಅರ್ಧ ಎತ್ತರದಲ್ಲಿ ಗೆರೆ ಎಳೆದಂತೆ ಅದು ಸಾಗಿ, ಜಲಪಾತದ ಹತ್ತಿರ ಬಂದು, ನೀರಿನ ಹಿಂದೆ ಬಂಡೆಯೊಳಗೆ ಮಾಯವಾಗಿ, ಆಚೆ ಬದಿಯಲ್ಲಿ ಹೊರಬರುತ್ತದೆ. ನೂರು ವರ್ಷದ ಹಿಂದೆ ಯಾರೋ ಬಂಡೆಗೆ ಜೋತುಬಿದ್ದು ಕುಳಿ ಕೊರೆದು, ಮದ್ದು ತುಂಬಿ, ಈ ಸುರಂಗ ಮಾಡಿದ್ದಾರೆ. ಜಲಪಾತವನ್ನು ದಾಟಲು ಸೇತುವೆ ಕಟ್ಟುವುದಕ್ಕಿಂತ ಅದರ ಬೆನ್ನ ಹಿಂದಿನಿಂದ ನುಸುಳುವುದು ವಾಸಿ ಎಂದು ಹೊಳೆದ ಆ ಎಂಜಿನಿಯರಿಗೆ ದೊಡ್ಡ ನಮಸ್ಕಾರ.

ಸುರಂಗದೊಳಗೆ ಹೆಜ್ಜೆಯಿಟ್ಟರೆ ಮಾತು ಕೇಳುವುದಿಲ್ಲ. ಸೂರಿನಿಂದ ತೊಟ್ಟಿಕ್ಕುವ ನೀರು ಕುತ್ತಿಗೆಯೊಳಗೆ ಇಳಿಯುತ್ತದೆ. ಕಾಲಡಿಯ ಕಲ್ಲು ಉಬ್ಬುತಗ್ಗು, ಅಲ್ಲಲ್ಲಿ ಹೊಂಡ. ಕೆಲವೇ ಹೆಜ್ಜೆ, ಅಷ್ಟರಲ್ಲಿ ಹೊರಬಂದಾಗಿರುತ್ತದೆ. ಹೊರಗೆ ಬಾಯಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುವಾಗ ಸಣ್ಣ ಬೂದು ಹಕ್ಕಿಯೊಂದು ನೀರಿನ ಪರದೆಯ ಅಂಚಿನಿಂದ ಹೊರಬಂತು. ಡಿಪ್ಪರ್. ದುಂಡು ಮೈ, ಮೊಟಕು ಬಾಲ, ನಿಂತಲ್ಲೇ ಮಂಡಿ ಬಗ್ಗಿಸಿ ಬಗ್ಗಿಸಿ ಏಳುವ ಅಭ್ಯಾಸ. ಹರಿಯುವ ಹಳ್ಳದ ತಳದಲ್ಲಿ ನೀರಿನೊಳಗೇ ನಡೆದು, ಕಲ್ಲಿನಡಿಯ ಹುಳು ಹೆಕ್ಕುವ ಹಾಡುಹಕ್ಕಿ ಇದು. ಗೂಡನ್ನು ಜಲಪಾತದ ಹಿಂದೆ ಪಾಚಿಯಲ್ಲಿ ಕಟ್ಟುತ್ತದೆ. ನಾವು ನೋಡುತ್ತಿದ್ದಂತೆ ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಮತ್ತೆ ಬಂತು, ಬೀಳುವ ನೀರನ್ನೇ ತೂರಿಕೊಂಡು ಒಳಹೋಯಿತು. ಅಳಿಯ ಫೋನು ತೆಗೆಯುವಷ್ಟರಲ್ಲಿ ಇರಲಿಲ್ಲ.

ಹೆಚ್ಚಿನವರು ಇಲ್ಲಿಂದ ಹಿಂತಿರುಗುತ್ತಾರೆ. ನಾವು ಇನ್ನೂ ಒಂದು ಫರ್ಲಾಂಗು ಮುಂದೆ ಟ್ವಿಸ್ಟರ್ ಜಲಪಾತದವರೆಗೆ ಹೋದೆವು. ದಾರಿಯಲ್ಲಿ ಅತಿ ಕಿರಿದಾದ ಅಂಚು ಅದೇ, ತಂತಿ ಅಲ್ಲೂ ಇದೆ. ಅಲ್ಲಿ ಕೂತು ಚಿತ್ರಾನ್ನ ತಿನ್ನುವಾಗ ಮೇಲಿನಿಂದ ಇಬ್ಬರು ಇಳಿದು ಬಂದರು. ಮೆಕ್ಸಿಕೊ ಗಡಿಯಿಂದ ಕೆನಡಾದವರೆಗಿನ ಪೆಸಿಫಿಕ್ ಕ್ರೆಸ್ಟ್ ದಾರಿ ನಡೆಯುವವರಲ್ಲಿ ಬಹಳ ಮಂದಿ ವಾಟಮ್ ಸರೋವರದ ಬಳಿ ಅಧಿಕೃತ ದಾರಿ ಬಿಟ್ಟು, ಜಲಪಾತದ ಆಸೆಗೆ ಈ ಕೊರಕಲಿನಲ್ಲಿ ಇಳಿದು ಕೊಲಂಬಿಯಾ ಸೇತುವೆಗೆ ಹೋಗುತ್ತಾರೆ. ಇವರು ತುಂಡು ತುಂಡಾಗಿ ಆ ದಾರಿ ಮುಗಿಸುತ್ತಿರುವ ದಂಪತಿ. ಉಪ್ಪಿನಕಾಯಿಯ ಡಬ್ಬಿಯನ್ನು ಕುತೂಹಲದಿಂದ ನೋಡಿದರು. ಒಂದು ಮಿಡಿ ಕೊಟ್ಟೆ. ಗಂಡ ಇಡಿಯಾಗಿ ಬಾಯಿಗೆ ಹಾಕಿಕೊಂಡ, ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಇನ್ನೊಂದು ಕೇಳಿದ.

ಹಿಂತಿರುಗುವಾಗ, ಸುರಂಗ ದಾಟಿ ಸ್ವಲ್ಪ ಕೆಳಗೆ ದಾರಿ ಕಟ್ಟಿತ್ತು. ನಾವು ಮೇಲೆ ಹೋದ ಮೇಲೆ ಬಿದ್ದ ಮರವೊಂದು ಅಡ್ಡಲಾಗಿತ್ತು, ಹಳದಿ ಟೊಪ್ಪಿಯ ಐದಾರು ಸ್ವಯಂಸೇವಕರು ಅದನ್ನು ಕೊಯ್ಯುತ್ತಿದ್ದರು. ಮೇಲ್ಕಣಿವೆ ಹ್ಯಾಟ್‌ಫೀಲ್ಡ್ ಅಭಯಾರಣ್ಯದೊಳಗೆ ಬರುತ್ತದೆ, 1964ರ ಕಾಯ್ದೆ ಪ್ರಕಾರ ಅಂಥ ಕಾಡಿನಲ್ಲಿ ಎಂಜಿನ್ ಇರುವ ಯಾವ ಉಪಕರಣವನ್ನೂ ಬಳಸುವಂತಿಲ್ಲ. ಆದ್ದರಿಂದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಎಳೆಯುವ ಉದ್ದ ಗರಗಸ. ಚಿಕ್ಕಂದಿನಲ್ಲಿ ನಮ್ಮ ಮನೆಯಂಗಳದಲ್ಲಿ ಹಲಸಿನ ದಿಮ್ಮಿ ಕೊಯ್ಯಲು ಬರುತ್ತಿದ್ದವರ ಕೈಯಲ್ಲಿ ನೋಡಿದ್ದ ಗರಗಸ. ಆಗ ಅವರು ಸೀಮೆಎಣ್ಣೆಯ ಬಟ್ಟೆ ಸವರುತ್ತಿದ್ದರು, ಇಲ್ಲಿ ಒಬ್ಬಾಕೆ ಬಾಟಲಿಯಿಂದ ಎಣ್ಣೆ ಚಿಮುಕಿಸುತ್ತಿದ್ದಳು. ತಳ್ಳಬಾರದು, ಎಳೆಯುವುದಷ್ಟೇ, ತಳ್ಳಿದರೆ ಅಲಗು ಬಾಗುತ್ತದೆ ಎಂದು ಹೊಸ ಹುಡುಗನೊಬ್ಬನಿಗೆ ಅವಳು ಹೇಳಿಕೊಡುತ್ತಿದ್ದಳು. ಆಕೆಗೆ ನನ್ನ ವಯಸ್ಸೇ ಇರಬೇಕು.

ಕಾಯುತ್ತಾ ನಿಂತಿದ್ದ ನನ್ನನ್ನು ನೋಡಿ, ಎಳೆಯುತ್ತೀರಾ ಎಂದು ಕೈಸನ್ನೆ ಮಾಡಿದಳು. ಅಳಿಯ ಬೇಡ ಎನ್ನುವ ಮೊದಲೇ ಹಿಡಿ ಹಿಡಿದೆ. ಹತ್ತು ಹದಿನೈದು ಎಳೆತಕ್ಕೆ ಭುಜ ಸೋತಿತು, ಆದರೆ ಲಯ ಕೈಗೆ ಹತ್ತಿತು. ದಿಮ್ಮಿ ಬಿರಿದು ಎರಡಾಯಿತು. ನಾಲ್ಕು ಜನ ಕಾಲಿನಿಂದ ಒದ್ದು ತುಂಡನ್ನು ಅಂಚಿನಾಚೆ ಉರುಳಿಸಿದರು, ಕೆಳಗೆ ಬಹಳ ಹೊತ್ತು ಸದ್ದು ಮಾಡುತ್ತಾ ಹೋಯಿತು. ಇನ್ನು ದಾರಿ ಸರಾಗವಲ್ಲವೇ ಎಂದು ಕೇಳಿದೆ. ಆಕೆ ಮೇಲಿನ ಇಳಿಜಾರಿನತ್ತ ಗದ್ದ ಎತ್ತಿ ತೋರಿಸಿದಳು. ಬೋಳು ಮರಗಳು ಲೆಕ್ಕವಿಲ್ಲದಷ್ಟು ನಿಂತಿದ್ದವು, ಒಂದೆರಡು ಆಗಲೇ ದಾರಿಯ ಕಡೆ ವಾಲಿದ್ದವು. "ಮುಂದಿನ ಶನಿವಾರ ಬಿಡುವಿದ್ದರೆ ಬನ್ನಿ, ಕೈಗವಸು ನಾವು ಕೊಡುತ್ತೇವೆ" ಎಂದಳು. ಅಳಿಯ ಫೋನಿನಲ್ಲಿ ತಾರೀಖು ಗುರುತು ಹಾಕಿಕೊಂಡ.